ತೂಕದ ಚಿಂತೆ ಬಿಡೋಣ, ಹೊಟ್ಟೆಯ ಮಾತು ಕೇಳೋಣ

ಮಠಗಳಲ್ಲಿ ತುಲಾಭಾರ ಸೇವೆ ನಡೆಯುವುದನ್ನು ನಾವೆಲ್ಲ ಕಂಡಿದ್ದೇವೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಪೂಜ್ಯರು ಕುಳಿತರೆ, ಇನ್ನೊಂದು ತಟ್ಟೆಯಲ್ಲಿ ಭಕ್ತರು ಬೆಲ್ಲವನ್ನೋ ಅಕ್ಕಿಯನ್ನೋ ನಾಣ್ಯಗಳನ್ನೋ ಪುಸ್ತಕಗಳನ್ನೋ ಇಡುತ್ತಾರೆ. ತೂಗಿದ ಪದಾರ್ಥ ದಾಸೋಹಕ್ಕೋ ಮಕ್ಕಳ ಓದಿಗೋ ಸಲ್ಲುತ್ತದೆ. ಅಲ್ಲಿ ಪೂಜ್ಯರ ತೂಕವೆಷ್ಟು ಎಂದು ಯಾರೂ ಕೇಳುವುದಿಲ್ಲ. ಆದರೆ ಇತ್ತೀಚೆಗೆ ನಮ್ಮ ಮನೆಮನೆಗೆ ಬಂದಿರುವ ತೂಕದ ಯಂತ್ರದ ರೀತಿಯೇ ಬೇರೆ. ಗಾಜಿನ ಹಲಗೆಯ ಮೇಲೆ ಕಾಲಿಟ್ಟ ಕ್ಷಣದಲ್ಲಿ ಒಂದು ಅಂಕಿ ಮೂಡುತ್ತದೆ. ಆ ಅಂಕಿಯೇ ಆ ದಿನದ ಸಂತೋಷವನ್ನೂ ಸಂಕಟವನ್ನೂ ನಿರ್ಧರಿಸಿಬಿಡುತ್ತದೆ. ಎದ್ದೊಡನೆ ಒಮ್ಮೆ, ಸ್ನಾನದ ನಂತರ ಒಮ್ಮೆ, ಊಟಕ್ಕೆ ಮೊದಲೊಮ್ಮೆ, ಮಲಗುವಾಗ ಮತ್ತೊಮ್ಮೆ ಅದರ ಮೇಲೆ ಹತ್ತಿ ಇಳಿಯುವವರು ನಮ್ಮ ಚಿದ್ರಿಯ ಓಣಿಗಳಲ್ಲಿಯೂ ಇದ್ದಾರೆ, ಭಾಲ್ಕಿ ಔರಾದಗಳ ಹಳ್ಳಿಗಳಲ್ಲಿಯೂ ಇದ್ದಾರೆ.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಮುಂತಾದ ಕಾರಣಗಳಿಂದ ವೈದ್ಯರು ತೂಕ ಇಳಿಸಿಕೊಳ್ಳಲು ಹೇಳುತ್ತಾರೆ. ಮನೆಯವರು ಉತ್ಸಾಹದಿಂದ ಪಥ್ಯ ಆರಂಭಿಸುತ್ತಾರೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಎರಡು ತೊಂದರೆಗಳು ಜೊತೆಯಾಗಿ ಬರುತ್ತವೆ. ಒಂದು, ತೂಕದ ಅಂಕಿಯ ಹಂಬಲ. ಇನ್ನೊಂದು, ಮಲಬದ್ಧತೆ, ಹೊಟ್ಟೆಯುಬ್ಬರ, ವಾಯು, ಎದೆಯುರಿ. ಇವೆರಡೂ ಬೇರೆಬೇರೆ ಎಂದು ತೋರಿದರೂ ಒಂದೇ ಹಗ್ಗದ ಎರಡು ತುದಿಗಳು. ಒಂದನ್ನು ಎಳೆದಂತೆಲ್ಲ ಇನ್ನೊಂದರ ಗಂಟು ಬಿಗಿಯುತ್ತದೆ. ಈ ಗಂಟನ್ನು ಬಿಡಿಸಿಕೊಳ್ಳುವ ಬಗೆಯನ್ನು ಈ ಲೇಖನದಲ್ಲಿ ವಿಚಾರಿಸೋಣ.

ತೂಕ ಇಳಿಸುವ ಅಗತ್ಯವೇ ಇಲ್ಲವೆಂದು ನಮ್ಮ ಅಭಿಪ್ರಾಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ ಅಧಿಕ ತೂಕ ಉಳ್ಳವರು. ಪುರುಷರಲ್ಲಿ ಈ ಪ್ರಮಾಣ ನೂರಕ್ಕೆ 23ರಷ್ಟು. ಅಧಿಕ ತೂಕವಿದ್ದವರು ತಮ್ಮ ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಕಡಿಮೆ ಮಾಡಿಕೊಂಡರೂ ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬುಗಳಲ್ಲಿ ಗುಣ ಕಾಣುತ್ತದೆ. ಎಂಬತ್ತು ಕಿಲೋ ತೂಗುವವರಿಗೆ ಇದು ನಾಲ್ಕರಿಂದ ಎಂಟು ಕಿಲೋ. ಆದರೆ ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳಿದೆ: ಅದೇ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಎಂದರೆ, ವಿವೇಚನೆಯಿಲ್ಲದೆ ಊಟ ಬಿಡುವುದು ನಮ್ಮ ತಾಯಂದಿರಿಗೂ ಹೆಣ್ಣುಮಕ್ಕಳಿಗೂ ನಿರಪಾಯಕಾರಿಯಲ್ಲ.

ತಕ್ಕಡಿ ತೂಗುವುದು ಏನನ್ನು?

ಇಟಲಿಯ ಪಾದುವಾ ನಗರದಲ್ಲಿ ಸಾಂತೋರಿಯೊ ಎಂಬ ವೈದ್ಯರಿದ್ದರು. ಅವರು ತಕ್ಕಡಿಗೆ ತೂಗುಹಾಕಿದ ಕುರ್ಚಿಯೊಂದನ್ನು ಮಾಡಿಸಿ, ತಮ್ಮ ದೇಹವನ್ನೂ, ತಿಂದ ಅನ್ನವನ್ನೂ, ಕುಡಿದ ನೀರನ್ನೂ, ವಿಸರ್ಜಿಸಿದ ಮಲಮೂತ್ರಗಳನ್ನೂ ಅನೇಕ ವರ್ಷಗಳ ಕಾಲ ತೂಗುತ್ತ ಬಂದರು. ತಮ್ಮ ನಿರ್ಣಯಗಳನ್ನು 1614ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರಿಗೆ ಕಂಡ ಆಶ್ಚರ್ಯವೆಂದರೆ, ತಿಂದು ಕುಡಿದುದರಲ್ಲಿ ಅರ್ಧಕ್ಕೂ ಹೆಚ್ಚಿನ ಭಾಗ ಮಲಮೂತ್ರಗಳ ಲೆಕ್ಕಕ್ಕೆ ಸಿಗದೆ, ಕಣ್ಣಿಗೆ ಕಾಣದಂತೆ ದೇಹದಿಂದ ಹೊರಟುಹೋಗುತ್ತಿತ್ತು. ಚರ್ಮದಿಂದ ಆವಿಯಾಗುವ ನೀರು ಮತ್ತು ಉಸಿರಿನ ಮೂಲಕ ಹೋಗುವ ಆವಿ ಹಾಗೂ ಅನಿಲಗಳೇ ಅದಕ್ಕೆ ಕಾರಣವೆಂದು ಇಂದು ನಾವು ಬಲ್ಲೆವು. ರಾತ್ರಿ ಮಲಗಿದಾಗ ಇದ್ದ ತೂಕ ಬೆಳಿಗ್ಗೆ ಕಡಿಮೆಯಾಗಿರುವುದು ಇದರಿಂದಲೇ. ಆ ರಾತ್ರಿಯಲ್ಲಿ ಕೊಬ್ಬೇನೂ ಕರಗಿ ಹರಿದಿರುವುದಿಲ್ಲ.

ತೂಕದ ಯಂತ್ರಕ್ಕೆ ಕೊಬ್ಬು ಯಾವುದು, ನೀರು ಯಾವುದು ಎಂಬ ಭೇದ ತಿಳಿಯದು. ಎಲುಬು, ಮಾಂಸ, ರಕ್ತ, ಕೊಬ್ಬು, ಮೂತ್ರಕೋಶದಲ್ಲಿನ ನೀರು, ಕರುಳಿನಲ್ಲಿ ಉಳಿದ ಮಲ, ಆಗತಾನೆ ಕುಡಿದ ಮಜ್ಜಿಗೆ ಎಲ್ಲವನ್ನೂ ಕೂಡಿಸಿ ಒಂದೇ ಅಂಕಿಯಾಗಿ ತೋರಿಸುತ್ತದೆ. ಇದರಲ್ಲಿ ನೀರಿನ ಆಟವೇ ದೊಡ್ಡದು. ನಾವು ತಿಂದ ರೊಟ್ಟಿ ಅನ್ನಗಳ ಶಕ್ತಿಯಲ್ಲಿ ಒಂದು ಭಾಗವನ್ನು ದೇಹವು ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ವಯಸ್ಕರಲ್ಲಿ ಇದು ಸುಮಾರು 400ರಿಂದ 500 ಗ್ರಾಂ ಇರುತ್ತದೆ, ಮತ್ತು ಪ್ರತಿಯೊಂದು ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಥ್ಯದ ಮೊದಲ ವಾರ ರೊಟ್ಟಿ ಅನ್ನಗಳನ್ನು ಒಮ್ಮೆಲೇ ತಗ್ಗಿಸಿದರೆ ಈ ಸಂಗ್ರಹ ಕರಗಿ, ಅದರ ನೀರೂ ಹೊರಗೆ ಹೋಗಿ, ತೂಕ ಒಂದೂವರೆ ಕಿಲೋ ಇಳಿದಂತೆ ಕಾಣುತ್ತದೆ. ಮನೆಯವರು ಹಿಗ್ಗುತ್ತಾರೆ. ಒಂದು ಮದುವೆಯ ಊಟ ಉಂಡ ಮರುದಿನ ಆ ಸಂಗ್ರಹ ತುಂಬಿಕೊಂಡು, ಉಪ್ಪಿನಕಾಯಿ ಹಪ್ಪಳಗಳ ಉಪ್ಪು ಮತ್ತಷ್ಟು ನೀರನ್ನು ತಡೆದು, ಅಷ್ಟೇ ತೂಕ ಮರಳಿ ಬರುತ್ತದೆ. ಮನೆಯವರು ಕುಗ್ಗುತ್ತಾರೆ. ಆ ಹಿಗ್ಗಿಗೂ ಈ ಕುಗ್ಗಿಗೂ ಕೊಬ್ಬಿನ ಸಂಬಂಧ ಬಹಳ ಕಡಿಮೆ. ಮುಟ್ಟಿನ ಮುಂಚಿನ ದಿನಗಳಲ್ಲಿ ಹೆಣ್ಣುಮಕ್ಕಳ ದೇಹ ನೀರನ್ನು ತಡೆದಿಟ್ಟುಕೊಳ್ಳುವುದೂ ಸಹಜವೇ.

ಈಗ ಒಂದು ಸಣ್ಣ ಲೆಕ್ಕ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಶಕ್ತಿ ಅಡಗಿದೆ. ದಿನಕ್ಕೆ 500 ಕ್ಯಾಲರಿಯಷ್ಟು ಆಹಾರ ಕಡಿಮೆ ಮಾಡಿದರೆ, ಒಂದು ಕಿಲೋ ಕೊಬ್ಬು ಕರಗಲು ಹದಿನೈದು ದಿನ ಬೇಕು. ಅಂದರೆ ದಿನವೊಂದಕ್ಕೆ ಕರಗುವ ಕೊಬ್ಬು ಸುಮಾರು 65 ಗ್ರಾಂ. ಮನೆಯ ಸಾಮಾನ್ಯ ಯಂತ್ರ ತೋರಿಸಬಲ್ಲ ಅತಿ ಚಿಕ್ಕ ವ್ಯತ್ಯಾಸ 100 ಗ್ರಾಂ. ಒಂದು ಲೋಟ ನೀರಿನ ತೂಕ 200 ಗ್ರಾಂ. ಕೇವಲ ನೀರು, ಉಪ್ಪು, ಮಲಗಳಿಂದ ಒಂದೇ ದಿನದಲ್ಲಿ ತೂಕ ಒಂದರಿಂದ ಎರಡು ಕಿಲೋದವರೆಗೆ ಏರಿಳಿಯಬಲ್ಲದು. ಹೀಗಿರುವಾಗ ಒಂದು ದಿನದ ಸಾಧನೆಯನ್ನು ಆ ದಿನವೇ ಯಂತ್ರದಲ್ಲಿ ಹುಡುಕುವುದು, ಜೋಳದ ರಾಶಿಯಲ್ಲಿ ಒಂದು ಕಾಳು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ದೂರದಿಂದ ನೋಡಿ ಹೇಳಿದಂತೆ.

ಯಂತ್ರ ಸುಳ್ಳು ಹೇಳುವುದಿಲ್ಲ. ಕಾಲಕಾಲಕ್ಕೆ ತೂಕ ನೋಡಿಕೊಳ್ಳುವುದು ಅನೇಕರಿಗೆ ಸಹಾಯಕವೂ ಹೌದು. ಆದರೆ ತಿಂಗಳಿಗೆ ಉತ್ತರ ಕೊಡಬಲ್ಲ ಉಪಕರಣಕ್ಕೆ ನಾವು ಗಳಿಗೆಗಳಿಗೆಗೂ ಪ್ರಶ್ನೆ ಕೇಳಿದರೆ, ಬರುವ ಉತ್ತರದಿಂದ ನೆಮ್ಮದಿ ಸಿಗದು.

ಹೊಟ್ಟೆ ಮುನಿಯುವುದೇಕೆ?

ಬೀದರ ಸೀಮೆಯ ನಿತ್ಯದ ಊಟ ಜೋಳದ ರೊಟ್ಟಿ, ತೊಗರಿಬೇಳೆ, ಸೊಪ್ಪಿನ ಪಲ್ಯ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಸಜ್ಜೆಯಲ್ಲಿ 11 ಗ್ರಾಂ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ. ಒಂದು ರೊಟ್ಟಿಗೆ 65 ಗ್ರಾಂ ಹಿಟ್ಟು ಹಿಡಿದರೂ, ದಿನಕ್ಕೆ ನಾಲ್ಕು ರೊಟ್ಟಿ ಉಣ್ಣುವವರಿಗೆ ರೊಟ್ಟಿಯಿಂದಲೇ 26 ಗ್ರಾಂ ನಾರು ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪಥ್ಯವೆಂದು ನಾಲ್ಕು ರೊಟ್ಟಿಯನ್ನು ಒಂದಕ್ಕೆ ಇಳಿಸಿ, ಅದರ ಜಾಗದಲ್ಲಿ ಬೇರೇನನ್ನೂ ಇಡದಿದ್ದರೆ ಏನಾಗುತ್ತದೆ? 26 ಗ್ರಾಂ ನಾರು ಆರೂವರೆ ಗ್ರಾಂಗೆ ಇಳಿಯುತ್ತದೆ. ಕರುಳಿನಲ್ಲಿ ಮಲ ಕಟ್ಟಲು ಬೇಕಾದ ಗಾತ್ರವೇ ಇಲ್ಲದಂತಾಗುತ್ತದೆ. ಎಣ್ಣೆ ತುಪ್ಪಗಳನ್ನು ಪೂರ್ತಿ ಬಿಟ್ಟು, ನೀರನ್ನೂ ಕಡಿಮೆ ಕುಡಿದರೆ ಮಲಬದ್ಧತೆ ನಿಶ್ಚಿತ. ಶ್ರಾವಣ ಸೋಮವಾರದ ಒಪ್ಪತ್ತನ್ನೇ ಪಥ್ಯವಾಗಿ ಮಾಡಿಕೊಂಡು ಸಾಬುದಾಣಿ ಉಪ್ಪಿಟ್ಟನ್ನು ನೆಚ್ಚುವವರಿಗೂ ಇದೇ ಗತಿ. ಸಾಬುದಾಣಿಯಲ್ಲಿ ಪಿಷ್ಟವಲ್ಲದೆ ನಾರು ಇಲ್ಲವೆಂಬಷ್ಟು ಕಡಿಮೆ.

ಇದಕ್ಕೆ ವಿರುದ್ಧವಾದ ದಾರಿಯೂ ಒಂದುಂಟು. ಎಂದೂ ಹಸಿ ತರಕಾರಿ ತಿನ್ನದವರು ಒಂದೇ ದಿನದಲ್ಲಿ ಬಟ್ಟಲುಗಟ್ಟಲೆ ಮೊಳಕೆಕಾಳು, ಸೌತೆಕಾಯಿ, ಮೂಲಂಗಿ, ಓಟ್ಸ್ ತಿನ್ನತೊಡಗುತ್ತಾರೆ. ಬೇಳೆಕಾಳುಗಳಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವನ್ನು ಒಡೆಯುವ ಶಕ್ತಿ ಮನುಷ್ಯನ ಸಣ್ಣಕರುಳಿಗೆ ಇಲ್ಲ. ಅವು ದೊಡ್ಡಕರುಳಿಗೆ ಇಳಿದಾಗ ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸಿ ಅನಿಲ ಉಂಟುಮಾಡುತ್ತವೆ. ಹೊಟ್ಟೆ ನಗಾರಿಯಂತಾಗುತ್ತದೆ. ಇದು ರೋಗವಲ್ಲ, ಹೊಸ ಆಹಾರಕ್ಕೆ ಕರುಳು ಒಗ್ಗಿಕೊಳ್ಳುವ ಕ್ರಮ. ನಿಧಾನವಾಗಿ ಹೆಚ್ಚಿಸಿದರೆ ಎರಡು ಮೂರು ವಾರಗಳಲ್ಲಿ ಬಹುಮಟ್ಟಿಗೆ ಶಮನವಾಗುತ್ತದೆ. ಸಕ್ಕರೆರಹಿತವೆಂದು ಮಾರುವ ಮಿಠಾಯಿಗಳಲ್ಲಿ ಸಾರ್ಬಿಟಾಲ್, ಮಾಲ್ಟಿಟಾಲ್‌ಗಳಿದ್ದರೆ ಅವೂ ವಾಯುವನ್ನೂ ಭೇದಿಯನ್ನೂ ತರುತ್ತವೆ.

ಮೂರನೆಯದು ಎದೆಯುರಿ. ಬೆಳಗಿನ ನಾಷ್ಟಾ ಬಿಟ್ಟು, ಬರಿಹೊಟ್ಟೆಯಲ್ಲಿ ಎರಡು ಮೂರು ಸಲ ಚಹಾ ಕುಡಿದು, ಹಸಿವು ತಾಳಲಾರದೆ ಸಂಜೆ ಮಿರ್ಚಿ ಭಜಿ ತಿಂದು, ರಾತ್ರಿ ಹತ್ತಕ್ಕೆ ಹೊಟ್ಟೆ ತುಂಬ ಉಂಡು ಮಲಗಿದರೆ ಆಮ್ಲವು ಅನ್ನನಾಳಕ್ಕೆ ಏರದೆ ಇರುವುದೆಂತು?

ಎರಡೂ ಕೂಡಿ ಕಟ್ಟುವ ಗಂಟು

ಒಬ್ಬ ತಾಯಿ ಪಥ್ಯ ಆರಂಭಿಸಿ ನಾಲ್ಕು ದಿನವಾಗಿದೆ ಎಂದುಕೊಳ್ಳೋಣ. ಊಟ ಕಡಿಮೆಯಾದುದರಿಂದ ಎರಡು ದಿನ ಮಲವಿಸರ್ಜನೆ ಆಗಿಲ್ಲ. ಐದನೆಯ ದಿನ ಯಂತ್ರ ಅರ್ಧ ಕಿಲೋ ಹೆಚ್ಚು ತೋರಿಸುತ್ತದೆ. ಅದು ಕರುಳಿನಲ್ಲಿ ನಿಂತ ಮಲದ ಮತ್ತು ನೀರಿನ ತೂಕ. ಆದರೆ ಆ ತಾಯಿ ಅದನ್ನು ತನ್ನ ಪಥ್ಯದ ಸೋಲೆಂದು ತಿಳಿದು, ಉಳಿದ ಒಂದು ರೊಟ್ಟಿಯನ್ನೂ ಬಿಡುತ್ತಾಳೆ, ತೂಕ ಏರೀತೆಂಬ ಅಂಜಿಕೆಯಿಂದ ನೀರನ್ನೂ ತಗ್ಗಿಸುತ್ತಾಳೆ. ಮಲ ಇನ್ನಷ್ಟು ಗಟ್ಟಿಯಾಗುತ್ತದೆ. ಮರುದಿನ ಅಂಕಿ ಇಳಿಯುವುದಿಲ್ಲ. ಚಿಂತೆ ಹೆಚ್ಚುತ್ತದೆ, ಚಿಂತೆಯಿಂದ ನಿದ್ರೆ ಕೆಡುತ್ತದೆ, ಜೀರ್ಣಕ್ರಿಯೆಯೂ ಕೆಡುತ್ತದೆ. ಕೊನೆಗೆ ಯಾರೋ ಹೇಳಿದರೆಂದು ಜುಲಾಬಿನ ಗುಳಿಗೆಯನ್ನೋ ಸೋನಾಮುಖಿ ಬೆರೆತ ಚಹಾವನ್ನೋ ತೆಗೆದುಕೊಳ್ಳುತ್ತಾಳೆ. ಮರುದಿನ ಒಂದು ಕಿಲೋ ಇಳಿಯುತ್ತದೆ! ಮದ್ದು ಫಲಿಸಿತೆಂದು ನಂಬುತ್ತಾಳೆ.

ಇಲ್ಲಿಯೇ ನಿಜವಾದ ಅಪಾಯವಿರುವುದು. ಆಹಾರದ ಶಕ್ತಿಯ ಬಹುಪಾಲನ್ನು ಸಣ್ಣಕರುಳು ಮೊದಲೇ ಹೀರಿಕೊಂಡಿರುತ್ತದೆ. ಜುಲಾಬು ಕೆಲಸ ಮಾಡುವುದು ಮುಖ್ಯವಾಗಿ ದೊಡ್ಡಕರುಳಿನಲ್ಲಿ. ಅದು ಹೊರಹಾಕುವುದು ನೀರನ್ನು, ಮಲವನ್ನು, ಮತ್ತು ಹೃದಯದ ಬಡಿತಕ್ಕೆ ಅಗತ್ಯವಾದ ಪೊಟ್ಯಾಸಿಯಂ ಮೊದಲಾದ ಲವಣಗಳನ್ನು, ಕೊಬ್ಬನ್ನಲ್ಲ. ಆದುದರಿಂದ ತೂಕ ಇಳಿಸಲು ಜುಲಾಬು ತೆಗೆದುಕೊಳ್ಳುವುದು ಸರ್ವಥಾ ಸಲ್ಲದು.

ಈ ಗಂಟನ್ನು ಬಿಡಿಸುವ ಉಪಾಯ ಸರಳವಾದುದು: ಮೊದಲು ಹೊಟ್ಟೆಯನ್ನು ಸರಿಪಡಿಸಬೇಕು, ಅಲ್ಲಿಯವರೆಗೆ ಯಂತ್ರವನ್ನು ದೂರ ಇಡಬೇಕು.

ನಮ್ಮ ಅಡುಗೆಮನೆಯಲ್ಲಿರುವ ಪರಿಹಾರ

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಭಾಗದಲ್ಲಿ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿದವರೊಡನೆ ಕುಳಿತು ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ಸಂಪ್ರದಾಯವಿದೆ. ಬಗೆಬಗೆಯ ಸೊಪ್ಪು, ತರಕಾರಿ, ಹಸಿ ಕಾಳುಗಳನ್ನು ಹದವಾಗಿ ಬೇಯಿಸಿದ ಆ ಭಜ್ಜಿಯಲ್ಲಿ ನಾರಿದೆ; ಹುಳಿ ಬಂದ ಅಂಬಲಿಯಲ್ಲಿ ಹಗುರವಾದ ದ್ರವಾಹಾರವಿದೆ. ಪಥ್ಯಕ್ಕೆಂದು ದೂರದ ಪೊಟ್ಟಣಗಳನ್ನು ತರಿಸುವ ಮುನ್ನ ನಮ್ಮ ಹಿರಿಯರ ಈ ಊಟದ ಕಡೆಗೆ ನೋಡಬಹುದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಅದರ ಪಟ್ಟಿಯಲ್ಲಿದ್ದ ಜೋಳ ಸಜ್ಜೆಗಳು ನಮ್ಮ ಮನೆಯ ಹಗೇವಿನಲ್ಲಿ ಎಂದಿನಿಂದಲೂ ಇದ್ದವು.

ಕಾಳುಗಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಬೇಯಿಸಿದರೆ ವಾಯು ಉಂಟುಮಾಡುವ ಸಕ್ಕರೆಗಳು ತಕ್ಕಮಟ್ಟಿಗೆ ಕಡಿಮೆಯಾಗುತ್ತವೆ. ಆರಂಭದಲ್ಲಿ ಕಡಲೆ, ಅಲಸಂದಿಗಿಂತ ಹೆಸರುಬೇಳೆ ಹಗುರ. ಮೊಳಕೆಕಾಳನ್ನು ಹಸಿಯಾಗಿ ತಿನ್ನುವ ಬದಲು ಒಂದು ಹಬೆ ತೋರಿಸಿ ತಿನ್ನುವುದು ಲೇಸು. ಇಂಗು, ಅಜವಾನ, ಜೀರಿಗೆಗಳ ಒಗ್ಗರಣೆ ನಮ್ಮ ತಾಯಂದಿರು ಬಹುಕಾಲದಿಂದ ನಡೆಸಿಕೊಂಡು ಬಂದ ಪದ್ಧತಿ, ಅದನ್ನು ಬಿಡಬೇಕಾಗಿಲ್ಲ. ಒಂದು ಚಮಚ ಅಗಸಿ ಹಿಂಡಿ ರೊಟ್ಟಿಯೊಡನೆ ಇದ್ದರೆ ಮಲ ಮೃದುವಾಗಲು ಸಹಾಯವಾಗುತ್ತದೆ. ಪುಂಡಿ, ಮೆಂತ್ಯ, ಪಾಲಕ ಯಾವುದಾದರೊಂದು ಸೊಪ್ಪು ಪ್ರತಿದಿನ ತಾಟಿನಲ್ಲಿ ಇರಲಿ. ಎಣ್ಣೆ ತುಪ್ಪಗಳನ್ನು ಪೂರ್ತಿ ತ್ಯಜಿಸದೆ, ಅಳತೆಯ ಚಮಚದಲ್ಲಿ ಬಳಸೋಣ.

ನಾರು ಹೆಚ್ಚಿದಂತೆ ನೀರೂ ಹೆಚ್ಚಬೇಕು. ನೀರಿಲ್ಲದ ನಾರು ಕರುಳಿನಲ್ಲಿ ಒಣ ಹುಲ್ಲಿನಂತೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ನೀರು ಸಾಮಾನ್ಯ ಅಳತೆ. ನಮ್ಮ ಬೇಸಿಗೆಯಲ್ಲಿ, ಹೊಲದ ಕೆಲಸದಲ್ಲಿ ಇನ್ನೂ ಹೆಚ್ಚು ಬೇಕು. ಹೊಲಕ್ಕೆ, ಶಾಲೆಗೆ, ಕಚೇರಿಗೆ ಹೋಗುವ ಹೆಣ್ಣುಮಕ್ಕಳು ಶೌಚಾಲಯದ ಅನುಕೂಲವಿಲ್ಲವೆಂದು ನೀರು ಕುಡಿಯುವುದನ್ನೇ ತಡೆಯುತ್ತಾರೆ, ವೇಗವನ್ನೂ ತಡೆಯುತ್ತಾರೆ. ಮಲಬದ್ಧತೆಗೆ ಇದೊಂದು ದೊಡ್ಡ ಕಾರಣ. ಸ್ವಚ್ಛವಾದ ಶೌಚಾಲಯ ಒದಗಿಸುವುದು ಮನೆಯವರ, ಊರಿನವರ ಹೊಣೆ.

ಬೆಳಗಿನ ಆಹಾರ ಹೊಟ್ಟೆಗೆ ಬಿದ್ದ ಮೇಲೆ ದೊಡ್ಡಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ನಿರಾತಂಕವಾಗಿ ಶೌಚಕ್ಕೆ ಕೂಡುವ ರೂಢಿ ಒಳ್ಳೆಯದು. ಕಮೋಡ್ ಬಳಸುವವರು ಪಾದಗಳ ಕೆಳಗೆ ಗಿಡ್ಡ ಮಣೆಯೊಂದನ್ನು ಇಟ್ಟುಕೊಂಡರೆ ಮಲವಿಸರ್ಜನೆ ಸುಲಭವಾಗುತ್ತದೆ. ಪ್ರತಿದಿನ ಆಗಲೇಬೇಕೆಂಬ ನಿಯಮವೇನೂ ಇಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ಕಷ್ಟವಿಲ್ಲದೆ ಆಗುತ್ತಿದ್ದರೆ ಅದು ಸಹಜ. ಇಷ್ಟರಿಂದಲೂ ಸರಿಹೋಗದಿದ್ದರೆ ಇಸಬಗೋಲನ್ನು ಒಂದು ಚಮಚದಿಂದ ಆರಂಭಿಸಿ, ತುಂಬಿದ ಲೋಟ ನೀರಿನೊಡನೆ ತೆಗೆದುಕೊಳ್ಳಬಹುದು. ನಿತ್ಯದ ಔಷಧಿಗೂ ಇದಕ್ಕೂ ಎರಡು ಗಂಟೆಯ ಅಂತರವಿರಲಿ.

ಎದೆಯುರಿ ಇರುವವರು ರಾತ್ರಿಯ ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆ ಅಂತರ ಕೊಡಬೇಕು. ಬರಿಹೊಟ್ಟೆಯ ಚಹಾ ಬಿಡಬೇಕು. ಊಟದ ನಂತರ ಓಣಿಯಲ್ಲಿ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಹೊಟ್ಟೆಯುಬ್ಬರವೂ ತಗ್ಗುತ್ತದೆ, ರಕ್ತದ ಸಕ್ಕರೆಯ ಏರಿಕೆಯೂ ತಗ್ಗುತ್ತದೆ.

ನಾಲ್ಕು ವಾರಗಳ ಕ್ರಮ

ಮೊದಲನೆಯ ವಾರ ರೊಟ್ಟಿ ಬೇಳೆಗಳನ್ನು ಮುಟ್ಟುವುದು ಬೇಡ. ಒಮ್ಮೆ ತೂಕ ನೋಡಿ ಬರೆದಿಟ್ಟು, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡೋಣ. ಈ ವಾರ ಕಡಿಮೆ ಮಾಡಬೇಕಾದುದು ಕರಿದ ಪದಾರ್ಥ ಮತ್ತು ಸಕ್ಕರೆ. ದಿನಕ್ಕೆ ನಾಲ್ಕು ಕಪ್ಪು ಚಹಾ, ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೆ ಎಂಟು ಚಮಚ, ಅಂದರೆ ಸುಮಾರು 40 ಗ್ರಾಂ, 160 ಕ್ಯಾಲರಿ. ಅದನ್ನು ಅರ್ಧ ಮಾಡಿದರೆ ಹೊಟ್ಟೆಗೆ ಯಾವ ತೊಂದರೆಯೂ ಇಲ್ಲ.

ಎರಡನೆಯ ವಾರ ಪ್ರತಿ ಊಟಕ್ಕೂ ಒಂದು ಬಟ್ಟಲು ಬೇಯಿಸಿದ ಸೊಪ್ಪು ಅಥವಾ ತರಕಾರಿ ಸೇರಲಿ, ಎರಡು ಲೋಟ ನೀರು ಹೆಚ್ಚಾಗಲಿ, ಊಟದ ನಂತರದ ನಡಿಗೆ ಆರಂಭವಾಗಲಿ. ಮೂರನೆಯ ವಾರ, ಹೊಟ್ಟೆ ಒಗ್ಗಿದೆಯೆಂದು ಕಂಡರೆ, ಒಂದು ರೊಟ್ಟಿಯನ್ನೋ ಒಂದು ಹಿಡಿ ಅನ್ನವನ್ನೋ ಕಡಿಮೆ ಮಾಡಿ ಆ ಜಾಗಕ್ಕೆ ಬೇಳೆ, ಮಜ್ಜಿಗೆ, ಸ್ವಲ್ಪ ಹಸಿ ಸೌತೆಕಾಯಿ ಬರಲಿ. ವಾಯು ಹೆಚ್ಚಾದರೆ ಒಂದು ಹೆಜ್ಜೆ ಹಿಂದೆ ಸರಿದು ನಾಲ್ಕು ದಿನ ತಾಳೋಣ. ನಾಲ್ಕನೆಯ ವಾರದ ಕೊನೆಗೆ ಯಂತ್ರವನ್ನು ಇಳಿಸೋಣ. ಅದನ್ನು ಶಹಾಬಾದ ಕಲ್ಲಿನ ಸಂದಿನ ಮೇಲೆ ಇಡದೆ ಸಮತಟ್ಟಾದ ಜಾಗದಲ್ಲಿಡಬೇಕು. ಅಲುಗಾಡಿದರೆ ಅಂಕಿ ತಪ್ಪುತ್ತದೆ. ಬೆಳಿಗ್ಗೆ, ಶೌಚದ ನಂತರ, ಏನನ್ನೂ ಸೇವಿಸುವ ಮೊದಲು, ಹಗುರ ಬಟ್ಟೆಯಲ್ಲಿ ಒಮ್ಮೆ ನೋಡಿ ಬರೆದಿಡೋಣ. ಮುಂದೆ ವಾರಕ್ಕೆ ಒಂದೇ ದಿನ, ಅದೇ ವಾರ, ಅದೇ ಹೊತ್ತು. ಹೋಲಿಸುವುದು ತಿಂಗಳಿಗೂ ತಿಂಗಳಿಗೂ. ವಾರಕ್ಕೆ ಅರ್ಧ ಕಿಲೋ ಇಳಿಕೆ ಸಾಕಷ್ಟಾಯಿತು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಸುತ್ತ ಹೋದರೆ ಪಿತ್ತಕೋಶದಲ್ಲಿ ಕಲ್ಲುಗಳಾಗುವ ಸಂಭವ ಹೆಚ್ಚುತ್ತದೆ.

ಉಡಿದಾರದ ಅಳತೆ

ಯಂತ್ರ ಅಟ್ಟದ ಮೇಲಿರುವಾಗ ಪ್ರಗತಿಯನ್ನು ತಿಳಿಯುವುದು ಹೇಗೆ? ಒಂದು ದಾರ ಸಾಕು. ನಿಂತ ಎತ್ತರದಷ್ಟು ದಾರವನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ, ಹೊಕ್ಕುಳಿನ ಮಟ್ಟದಲ್ಲಿ ಸೊಂಟಕ್ಕೆ ಸುತ್ತಿ ನೋಡಬೇಕು. ಎರಡೂ ತುದಿಗಳು ಕೂಡಿದರೆ ಒಳ್ಳೆಯದು; ಕೂಡದಿದ್ದರೆ ಹೊಟ್ಟೆಯ ಕೊಬ್ಬು ಹೆಚ್ಚಿದೆಯೆಂದು ಅರ್ಥ. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಈ ಹೊಟ್ಟೆಯ ಕೊಬ್ಬೇ ಹೆಚ್ಚು ಅಪಾಯಕಾರಿ. ಸೆಂಟಿಮೀಟರಿನಲ್ಲಿ ಹೇಳುವುದಾದರೆ, ನಮ್ಮ ದೇಶದ ಪುರುಷರಿಗೆ 90, ಮಹಿಳೆಯರಿಗೆ 80 ದಾಟಬಾರದೆಂಬ ಮಿತಿ ರೂಢಿಯಲ್ಲಿದೆ. ಉಡಿದಾರ ಕಟ್ಟುವವರಿಗಂತೂ ಬೇರೆ ಅಳತೆಯೇ ಬೇಡ. ಅದು ಸಡಿಲವಾದರೆ ತಾನೇ ತಿಳಿಯುತ್ತದೆ. ಇದರೊಡನೆ ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ, ರಾತ್ರಿ ನಿದ್ರೆ ಬಂದಿತೇ, ಹೊಟ್ಟೆ ಹಗುರವಾಗಿದೆಯೇ, ರಕ್ತದೊತ್ತಡ ಇಳಿದಿದೆಯೇ ಎಂದು ನೋಡಿಕೊಳ್ಳೋಣ. ಪಥ್ಯದ ನಿಜವಾದ ಫಲ ಇವೇ.

ಮನಸ್ಸಿನ ಪಥ್ಯ

ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಆ ಯುವಕರು ಕ್ರಮೇಣ ಹಗಲಿರುಳು ಅನ್ನದ ವಿಷಯವನ್ನೇ ಯೋಚಿಸತೊಡಗಿದರು. ಸಿಡುಕರಾದರು, ಖಿನ್ನರಾದರು, ಜನರಿಂದ ದೂರವಾದರು. ಅವರು ದುರ್ಬಲ ಮನಸ್ಸಿನವರಾಗಿರಲಿಲ್ಲ. ದೇಹವನ್ನು ಅತಿಯಾಗಿ ಹಸಿವಿಗೆ ದೂಡಿದರೆ ಮನಸ್ಸು ಅನ್ನಕ್ಕೆ ಅಂಟಿಕೊಳ್ಳುವುದು ಪ್ರಕೃತಿಧರ್ಮ. ಉಗ್ರ ಪಥ್ಯ ಮಾಡಿದವರು ಕೆಲವು ದಿನಗಳಲ್ಲಿ ಕೈಮೀರಿ ತಿನ್ನುವುದಕ್ಕೂ, ಆಮೇಲೆ ಪಶ್ಚಾತ್ತಾಪದಿಂದ ಯಂತ್ರ ಹತ್ತುವುದಕ್ಕೂ ಇದೇ ಮೂಲ.

ಮನೆಯವರ ಮಾತೂ ಇದರಲ್ಲಿ ದೊಡ್ಡ ಪಾಲು ಪಡೆಯುತ್ತದೆ. "ಎಷ್ಟು ದಪ್ಪ ಆಗ್ಯಾಳ" ಎಂದು ಹತ್ತು ಜನರೆದುರು ಆಡಿದ ಮಾತು, ಕನ್ಯೆ ನೋಡಲು ಬಂದವರು ಅಂದ ಒಂದು ಮಾತು ಹುಡುಗಿಯ ಎದೆಯಲ್ಲಿ ಮುಳ್ಳಾಗಿ ಉಳಿಯುತ್ತದೆ. ದಿನಕ್ಕೆ ಹಲವು ಸಲ ತೂಗಿಕೊಳ್ಳುವುದು, ಅಂಕಿ ಏರಿದ ದಿನ ಊಟ ಬಿಡುವುದು, ಊಟವಿರುವ ಕಡೆಗೆ ಬರಲು ಒಲ್ಲೆನೆನ್ನುವುದು, ಉಂಡ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುವುದು, ಗುಟ್ಟಾಗಿ ಜುಲಾಬು ತೆಗೆದುಕೊಳ್ಳುವುದು ಕಂಡುಬಂದರೆ ಮನೆಯವರು ಗದರಿಸಬಾರದು, ನಗಬಾರದು. ಅದು ಚಿಕಿತ್ಸೆ ಬೇಕಾದ ಸ್ಥಿತಿ. ವೈದ್ಯರನ್ನು ಕಾಣಬೇಕು, ಅಥವಾ 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಹಗಲಿರುಳೂ ಅಲ್ಲಿ ಉತ್ತರಿಸುತ್ತಾರೆ, ಕನ್ನಡದಲ್ಲಿಯೇ ಮಾತನಾಡಬಹುದು.

ವೈದ್ಯರ ಬಳಿಗೆ ತಡಮಾಡದೆ ಹೋಗಬೇಕಾದುದು

ಮಲದಲ್ಲಿ ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಜ್ವರ ಇದ್ದರೆ, ನುಂಗಲು ಕಷ್ಟವಾದರೆ, ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ, ಐವತ್ತು ದಾಟಿದ ಮೇಲೆ ಮಲವಿಸರ್ಜನೆಯ ಕ್ರಮ ಹೊಸದಾಗಿ ಬದಲಾದರೆ ಮನೆಮದ್ದಿನಲ್ಲಿ ಕಾಲ ಕಳೆಯಬಾರದು. ಬಲಪಕ್ಕೆಯ ಕೆಳಗೆ ಊಟದ ನಂತರ ಹಿಡಿದುಕೊಳ್ಳುವ ನೋವು ಪಿತ್ತಕೋಶದ ಕಲ್ಲಿನದಾಗಿರಬಹುದು. ಎದೆಯುರಿಯೆಂದು ತಿಳಿದ ನೋವಿನೊಡನೆ ಬೆವರು, ಏದುಸಿರು, ಎಡಗೈ ಅಥವಾ ದವಡೆಯ ನೋವು ಇದ್ದರೆ ಅದು ಹೃದಯದ್ದಿರಬಹುದು. ತಕ್ಷಣ ಆಸ್ಪತ್ರೆ ಸೇರಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇರುವವರು ಬೇಳೆ ಸೊಪ್ಪುಗಳ ಅಳತೆಯನ್ನೂ ನೀರಿನ ಅಳತೆಯನ್ನೂ, ಹೃದ್ರೋಗಿಗಳು ನೀರು ಮತ್ತು ಉಪ್ಪಿನ ಅಳತೆಯನ್ನೂ ವೈದ್ಯರಿಂದಲೇ ತಿಳಿಯಬೇಕು. ಗರ್ಭಿಣಿಯರು, ಬಾಣಂತಿಯರು, ಬೆಳೆಯುವ ಮಕ್ಕಳು ತೂಕ ಇಳಿಸುವ ಪಥ್ಯಕ್ಕೆ ತಾವಾಗಿ ಇಳಿಯಬಾರದು. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನಡೆಯುತ್ತದೆ. ಪಥ್ಯಕ್ಕೆ ಮೊದಲು ಅದನ್ನು ಮಾಡಿಸಿಕೊಳ್ಳುವುದು ಜಾಣತನ.

ಬಸವಾದಿ ಶರಣರು ಹನ್ನೆರಡನೆಯ ಶತಮಾನದಲ್ಲಿ ನಮ್ಮ ಜಿಲ್ಲೆಯ ಕಲ್ಯಾಣದಲ್ಲಿಯೇ ಕೂಡಿ ಕಾಯಕ ದಾಸೋಹಗಳ ಮಾರ್ಗವನ್ನು ತೋರಿದರು. ಆ ಮಾರ್ಗದಲ್ಲಿ ಕಾಯವು ಹಗೆಯಲ್ಲ, ಸಾಧನ. ಅನ್ನವು ಪಾಪವಲ್ಲ, ಪ್ರಸಾದ. ಪ್ರಸಾದವನ್ನು ಚೆಲ್ಲಬಾರದೆಂಬ ನಿಯಮದಲ್ಲಿಯೇ ಬೇಕಾದಷ್ಟನ್ನು ಮಾತ್ರ ನೀಡಿಸಿಕೊಳ್ಳಬೇಕೆಂಬ ಮಿತಿಯೂ ಅಡಗಿದೆ. ದಾಸೋಹದ ಪಂಕ್ತಿಯಲ್ಲಿ ಕುಳಿತಾಗ "ಇಷ್ಟು ಸಾಕು" ಎಂದು ಕೈ ಮುಗಿದು ಹೇಳುವುದು ಅವಿನಯವಲ್ಲ. ಬಡಿಸುವವರು ಒತ್ತಾಯ ಮಾಡದಿರುವುದೂ ಸೇವೆಯೇ. ಪ್ರಾತಃಕಾಲ ಎದ್ದೊಡನೆ ಯಂತ್ರದ ಅಂಕಿಯನ್ನು ನೋಡುವ ಬದಲು ಕರಸ್ಥಲದ ಇಷ್ಟಲಿಂಗವನ್ನು ನೋಡುವ ಅಭ್ಯಾಸ ನಮ್ಮ ಹಿರಿಯರದು. ಆ ಹೊತ್ತಿನ ಶಾಂತಿ ಉಳಿದರೆ, ಹೊಟ್ಟೆ ಹಗುರಾದರೆ, ದಿನದ ಕಾಯಕಕ್ಕೆ ಕಾಲುಗಳಲ್ಲಿ ಬಲವಿದ್ದರೆ, ಪಥ್ಯ ಸರಿಯಾದ ದಾರಿಯಲ್ಲಿದೆ ಎಂದು ತಿಳಿಯೋಣ.